ಹಿಂದಿನ ಬೆಂಚಿನ ಅಮ್ಮನಿಗೆ

ಅಮ್ಮ, ನಿಮ್ಮ ಹೆಸರು ಕೇಳಲೇ ಇಲ್ಲ. ಯಾರದೋ ಮನೆಗೆ ನೆಂಟರಾಗಿ ಬಂದು, ಆ ಭಾನುವಾರ ನಮ್ಮ ಚರ್ಚಿನ ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದಿರಿ.

ಚರ್ಚಿನ ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ಬೆಳೆಯನ್ನು ಹರಾಜು ಹಾಕುತ್ತೇವಲ್ಲ, ಅದರ ಲೆಕ್ಕದಲ್ಲಿ ನನಗೂ ಅಣ್ಣನಂತಿದ್ದ ಒಬ್ಬರಿಗೂ ಮಾತು ಬೆಳೆದಿತ್ತು. ಎರಡು ವರ್ಷ ಮಾತಿಲ್ಲ. ಅವರ ಮನೆಯವರು ಎಡಗಡೆ, ನಮ್ಮವರು ಬಲಗಡೆ. ಕ್ವಾಯರ್‌ನಲ್ಲಿ ಮಕ್ಕಳೂ ಎರಡು ಗುಂಪಾಗಿದ್ದರು. ಅದೇ ಜಾಸ್ತಿ ನೋಯುತ್ತಿತ್ತು, ಆದರೂ ನಾನು ಬಗ್ಗಲಿಲ್ಲ.

ಪ್ರಭು ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಎಲ್ಲರೂ ಎದ್ದರು. ನಾನು ಏಳಲಿಲ್ಲ. ನೀವು ಏನೂ ಕೇಳದೆ ಬೈಬಲ್ ತೆರೆದು ಮತ್ತಾಯ 5ರ 23, 24ನೇ ವಚನದ ಮೇಲೆ ಬೆರಳಿಟ್ಟಿರಿ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅನ್ನುವ ಮಾತು. ಎಷ್ಟೋ ಸಲ ಓದಿದ್ದೆ. ತಪ್ಪು ಯಾರದು ಅಂತ ಮೊದಲು ತೀರ್ಮಾನ ಮಾಡು ಅಂತ ಅಲ್ಲಿ ಇಲ್ಲವೇ ಇಲ್ಲ, ಅಲ್ವಾ? "ಬೇಸರ ಅವನಿಗಿದ್ದರೂ ಎದ್ದು ಹೋಗಬೇಕಾದವನು ನೀನೇ ಮಗಾ" ಅಂದಿರಿ.

ಚಪ್ಪಲಿ ಬಿಡುವ ಕಡೆ ಅವರು ಸಿಕ್ಕರು. ನನ್ನ ನಾಲಿಗೆ ಒಣಗಿತ್ತು. "ಅಣ್ಣ, ಕ್ಷಮಿಸಿ" ಅಂದೆ, ಅಷ್ಟೇ. ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಯೊಳಗೆ ಹಿಡಿದುಕೊಂಡರು. ಆರಾಧನೆಯಲ್ಲಿ ಸಮಾಧಾನ ಹಂಚುವಾಗ ಹಿಡಿಯುತ್ತೇವಲ್ಲ, ಹಾಗೆ. ಎರಡು ವರ್ಷ ಆ ಹೊತ್ತಿನಲ್ಲಿ ನಾವಿಬ್ಬರೂ ಬೇರೆ ಕಡೆ ತಿರುಗಿಕೊಳ್ಳುತ್ತಿದ್ದೆವು.

ಲೆಕ್ಕವನ್ನು ಆಮೇಲೆ ಒಟ್ಟಿಗೆ ಕೂತು ನೋಡಿದೆವು. ಕೂಡುವುದರಲ್ಲಿ ತಪ್ಪಿದ್ದು ನಾನೇ.

ನಿಮ್ಮನ್ನು ಹುಡುಕಿದಾಗ ನೀವು ಹೊರಟುಬಿಟ್ಟಿದ್ದಿರಿ. ಈ ಸಲದ ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿಯ ಹರಾಜನ್ನು ಇಬ್ಬರೂ ಸೇರಿ ಕೂಗಿದೆವು ಅಮ್ಮ. ನಿಮಗೆ ತುಂಬಾ ಥ್ಯಾಂಕ್ಸ್.