ವೆಬ್ ಮಾನದಂಡವನ್ನು ಟೆಂಡರ್‌ನಲ್ಲೇ ಬರೆಸಿ: ಮಾಹಿತಿ ತಂತ್ರಜ್ಞಾನ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಸರ್ಕಾರಿ ಜಾಲತಾಣದ ಅರ್ಜಿ ಅರ್ಧಕ್ಕೇ ನಿಂತರೆ ಜನ ತಮ್ಮ ಫೋನನ್ನೋ ನೆಟ್‌ವರ್ಕನ್ನೋ ದೂರುತ್ತಾರೆ. ಎಷ್ಟೋ ಸಲ ತಪ್ಪು ಅವೆರಡರದೂ ಅಲ್ಲ, ವೆಬ್ ಮಾನದಂಡ, ಎಂದರೆ ಪುಟ ಬರೆಯಲು ಎಲ್ಲರೂ ಒಪ್ಪಿದ ನಿಯಮ, ಬಿಟ್ಟು ಬರೆದ ಕೋಡಿನದು. ಹಾಗೆ ಬರೆದರೂ ಬಿಲ್ ಪಾಸಾಗುವಂತೆ ಟೆಂಡರ್ ಇರುತ್ತದೆ. ಅದಕ್ಕಾಗಿಯೇ ಈ ಪತ್ರವನ್ನು ಡಿಸೈನರ್‌ಗಳಿಗೆ ಬರೆಯದೆ ತಮಗೆ ಬರೆಯುತ್ತಿದ್ದೇವೆ.

ಪುಟದ ರಚನೆ ಬರೆಯುವ ಎಚ್‌ಟಿಎಂಎಲ್, ಅದರ ರೂಪ ಬರೆಯುವ ಸಿಎಸ್‌ಎಸ್ ಯಾವೊಂದು ಕಂಪನಿಯ ಸ್ವತ್ತೂ ಅಲ್ಲ. ವೆಬ್ಬನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ 1994ರಲ್ಲಿ ಕಟ್ಟಿದ ಡಬ್ಲ್ಯೂ3ಸಿ, ಆಮೇಲೆ ಬಂದ ವಾಟ್‌ಡಬ್ಲ್ಯೂಜಿ ಎಂಬ ಸಂಸ್ಥೆಗಳು ಈ ಎರಡರ ನಿಯಮಗಳನ್ನು ಎಲ್ಲರೂ ಓದುವಂತೆ ಬಿಡಿಸಿ ಬರೆದಿವೆ. ಅವನ್ನು ಬಿಟ್ಟು ಒಂದೇ ಕಂಪನಿಯನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾವನ್ನು ನೋಡಬೇಕು. ಅಲ್ಲಿ ಆನ್‌ಲೈನ್ ಬ್ಯಾಂಕಿಂಗ್‌ನ ಭದ್ರತೆ ಮೈಕ್ರೋಸಾಫ್ಟ್ ಕಂಪನಿಯ ಆಕ್ಟಿವ್‌ಎಕ್ಸ್ ತಂತ್ರಜ್ಞಾನದ ಮೇಲೆ ನಿಂತಿತ್ತು. ಆಕ್ಟಿವ್‌ಎಕ್ಸ್ ನಡೆಯುತ್ತಿದ್ದುದು ಅದೇ ಕಂಪನಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ. ಇಡೀ ದೇಶ ವರ್ಷಗಟ್ಟಲೆ ಒಂದೇ ಬ್ರೌಸರಿಗೆ ಕಟ್ಟುಬಿದ್ದಿತು. ಅಡೋಬಿ ಕಂಪನಿಯ ಫ್ಲ್ಯಾಶ್ ತಂತ್ರಾಂಶದಲ್ಲಿ ಕಟ್ಟಿದ ಪುಟಗಳ ಗತಿ ಇನ್ನೂ ಕೆಟ್ಟದು. ಅಡೋಬಿ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು, ಅವು ತೆರೆಯುವುದೇ ನಿಂತಿತು. 1990ರ ದಶಕದ ಸಾದಾ ಎಚ್‌ಟಿಎಂಎಲ್ ಪುಟಗಳು ಇವತ್ತಿಗೂ ತೆರೆದುಕೊಳ್ಳುತ್ತವೆ.

ಇನ್ನು ಪುಟದೊಳಗಿನ ಮಾತು. 'ಸಲ್ಲಿಸಿ' ಎಂಬ ಗುಂಡಿಯನ್ನು ಬಟನ್ ಟ್ಯಾಗ್‌ನಿಂದ ಮಾಡಬೇಕು; ಟ್ಯಾಗ್ ಎಂದರೆ ಪುಟದ ಯಾವ ಭಾಗ ಏನೆಂದು ಬ್ರೌಸರಿಗೆ ಹೇಳುವ ಗುರುತು. ಅನೇಕರು ಬರೀ ಪೆಟ್ಟಿಗೆಯಾದ ಡಿವ್ ಟ್ಯಾಗಿಗೆ ಬಣ್ಣ ಬಳಿದು, ಅದಕ್ಕೊಂದು ಕ್ಲಿಕ್ ಜೋಡಿಸಿ ಕೈತೊಳೆದುಕೊಳ್ಳುತ್ತಾರೆ. ಕಣ್ಣಿಗೆ ಎರಡೂ ಒಂದೇ. ಆದರೆ ಡಿವ್‌ಗೆ ಟ್ಯಾಬ್ ಕೀಲಿ ಹೋಗಿ ನಿಲ್ಲುವುದಿಲ್ಲ, ಎಂಟರ್ ಒತ್ತಿದರೆ ಅದು ಮಿಸುಕುವುದಿಲ್ಲ, ಕುರುಡರಿಗೆ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಅದನ್ನು ಗುಂಡಿ ಎಂದು ಹೇಳುವುದಿಲ್ಲ. ಬಟನ್ ಟ್ಯಾಗಿನಲ್ಲಿ ಈ ಮೂರೂ ಒಂದು ಸಾಲೂ ಹೆಚ್ಚು ಬರೆಯದೆ ಸಿಗುತ್ತವೆ. ಅರ್ಜಿಯ ಖಾನೆಗಳಲ್ಲೂ ಇದೇ ಕತೆ. 'ಜನ್ಮದಿನಾಂಕ' ಎಂದು ಖಾನೆಯೊಳಗೇ ತೆಳುವಾಗಿ ಬರೆದರೆ, ಟೈಪ್ ಮಾಡಲು ತೊಡಗಿದ ಕೂಡಲೇ ಅದು ಮಾಯವಾಗುತ್ತದೆ. ನಡುವೆ ಮರೆತವರು ಅಳಿಸಿ ನೋಡಬೇಕು. ಲೇಬಲ್ ಟ್ಯಾಗ್ ಹಾಕಿ, ಅದರ ಫಾರ್ ಎಂಬ ಗುಣಕ್ಕೆ ಖಾನೆಯ ಗುರುತಾದ ಐಡಿಯನ್ನೇ ಕೊಟ್ಟರೆ ಹೆಸರು ಸದಾ ಕಾಣುತ್ತದೆ, ಹೆಸರಿನ ಮೇಲೆ ಬೆರಳಿಟ್ಟರೂ ಖಾನೆ ತೆರೆಯುತ್ತದೆ. ನಡುಗುವ ಕೈಗಳಿಗೆ ಇದು ಎಷ್ಟು ದೊಡ್ಡ ಉಪಕಾರ ಎಂಬುದನ್ನು ಡಿಸೈನ್ ಸಭೆಗಳಲ್ಲಿ ಯಾರೂ ಎಣಿಸುವುದಿಲ್ಲ.

ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆ ಯಾವುದೆಂದು ನಮೂದಿಸದಿದ್ದರೆ ಸ್ಕ್ರೀನ್ ರೀಡರ್ ಕನ್ನಡವನ್ನು ಇಂಗ್ಲಿಷ್ ಧ್ವನಿಯಲ್ಲಿ ಓದಲು ಹೋಗಬಹುದು. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನ ಪುಟ ಕನ್ನಡದಂತೆ ಕಾಣುತ್ತದೆ ಅಷ್ಟೇ, ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅಂಥ ಪುಟ ಕನ್ನಡದಲ್ಲಿ ಹುಡುಕಿದರೆ ಸಿಗದು. ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್ ಆದೇಶವೂ ಅಕ್ಷರವಿಲ್ಲದ ಬರೀ ಚಿತ್ರ. ಆದೇಶವನ್ನು ಟೈಪ್ ಮಾಡಿದ ಕಡತ ಕಚೇರಿಯಲ್ಲೇ ಇರುವಾಗ ಅದನ್ನು ಮುದ್ರಿಸಿ, ಮತ್ತೆ ಸ್ಕ್ಯಾನ್ ಮಾಡಿ ಏರಿಸುವ ರೂಢಿಯನ್ನು ತಾವು ಒಂದು ಸುತ್ತೋಲೆಯಿಂದ ನಿಲ್ಲಿಸಬಹುದು.

ಅಕ್ಷರದ ಬಣ್ಣಕ್ಕೂ ಅಳತೆಯಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಬೇಕು. ಬಿಳಿಯ ಮೇಲೆ #999999 ಬೂದು ಬಣ್ಣ 2.85:1ಕ್ಕೇ ನಿಲ್ಲುತ್ತದೆ, ಬಿಸಿಲಿನಲ್ಲಿ ಓದಲಾಗದು. #767676 ಆದರೆ 4.54:1, ಸಾಕು. ಪುಟ ಪರದೆಗೆ ಹೇಗೆ ಹೊಂದಬೇಕೆಂದು ಹೇಳುವ ವ್ಯೂಪೋರ್ಟ್ ಸಾಲಿನಲ್ಲಿ ಜೂಮ್ ತಡೆಯುವ ಸೂಚನೆಯನ್ನಂತೂ ಕಂಡಲ್ಲೆಲ್ಲ ತೆಗೆಸಬೇಕು.

ಪುಟದ ಮೂಲೆಯಲ್ಲಿ ಅಕ್ಷರ ದೊಡ್ಡದು ಮಾಡುವ ಗುಂಡಿಗಳನ್ನಿಟ್ಟು 'ಎಲ್ಲರಿಗೂ ಸುಗಮ' ಎಂದು ಹೇಳಿಕೊಳ್ಳುವ ಗುತ್ತಿಗೆದಾರರನ್ನು ದಯವಿಟ್ಟು ನಂಬಬೇಡಿ. ಹೆಸರಿಲ್ಲದ ಖಾನೆ ಅದರಿಂದ ಸರಿಹೋಗದು. ತಪಾಸಣೆಯ ತಂತ್ರಾಂಶ ಕೊಡುವ ಅಂಕವನ್ನೂ ಪೂರ್ತಿ ನಂಬಲಾಗದು: ಚಿತ್ರಕ್ಕೆ ವಿವರಣೆ ಇದೆಯೇ ಎಂದು ಅದು ಹೇಳೀತು, ವಿವರಣೆ ಆ ಚಿತ್ರದ್ದೇ ಹೌದೇ ಎಂದು ಹೇಳಲಾರದು.

ನಾವು ಕೇಳುವುದು ಟೆಂಡರ್‌ನಲ್ಲಿ ಒಂದು ಷರತ್ತು. ಡಬ್ಲ್ಯೂ3ಸಿ 2023ರ ಅಕ್ಟೋಬರ್‌ನಲ್ಲಿ ಹೊರತಂದ ಡಬ್ಲ್ಯೂಸಿಎಜಿ 2.2 ಎಂಬ, ಅಂಗವಿಕಲರೂ ಪುಟ ಬಳಸುವಂತೆ ಮಾಡುವ ನಿಯಮಾವಳಿಯ ಎಎ ಮಟ್ಟವನ್ನು (ಮೂರು ಮಟ್ಟಗಳಲ್ಲಿ ನಡುವಿನದು) ಹೆಸರು ಹೇಳಿ ಬರೆಸಿ, ಕೊನೆಯ ಕಂತನ್ನು ಅದಕ್ಕೆ ಕಟ್ಟಿಹಾಕಿ. ಕಂತು ಬಿಡುವ ಮುನ್ನ ಇಲಾಖೆಯವರೇ ಮೌಸ್ ಕಳಚಿಟ್ಟು, ಕೀಲಿಮಣೆಯಿಂದಲೇ ಅರ್ಜಿಯೊಂದನ್ನು ಮೊದಲಿಂದ ಕೊನೆಯವರೆಗೆ ತುಂಬಲಿ. 1280 ಪಿಕ್ಸೆಲ್ ಅಗಲದ ಕಿಟಕಿಯಲ್ಲಿ 400% ಹಿಗ್ಗಿಸಿದಾಗ ಸಾಲು ಓದಲು ಅಡ್ಡಡ್ಡ ಸರಿಸಬೇಕಾಗಬಾರದು. ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರರಲ್ಲೂ ನೋಡಲಿ, ಏಕೆಂದರೆ ಪುಟವನ್ನು ಪರದೆಯ ಮೇಲೆ ಮೂಡಿಸುವ ಅವುಗಳ ಎಂಜಿನ್ ಬೇರೆ ಬೇರೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ. ಅದನ್ನು ದಿನವೂ ಬಳಸುವ ಒಬ್ಬರನ್ನು ಸಂಭಾವನೆ ಕೊಟ್ಟು ಕರೆಸಿ, ಅವರ ಸಹಿಯಿಲ್ಲದೆ ಬಿಲ್ ಮುಂದೆ ಹೋಗದಿರಲಿ. ನಿರ್ವಹಣೆಯ ಒಪ್ಪಂದಕ್ಕೂ ಇದೇ ಷರತ್ತು ಇರಬೇಕು, ಏಕೆಂದರೆ ಸರಿಯಿದ್ದ ಪುಟ ಮುಂದಿನ ಬದಲಾವಣೆಯಲ್ಲಿ ಕೆಡುವುದೇ ಹೆಚ್ಚು.

ಎಲ್ಲ ಜಾಲತಾಣಗಳಿಗೆ ಒಮ್ಮೆಲೇ ಕೈಹಾಕುವುದು ಬೇಡ. ತಮ್ಮ ಇಲಾಖೆಯಲ್ಲಿ ಅತಿ ಹೆಚ್ಚು ಜನ ಅರ್ಧಕ್ಕೇ ಬಿಟ್ಟುಹೋಗುವ ಅರ್ಜಿ ಯಾವುದೆಂದು ಸರ್ವರ್ ದಾಖಲೆಗಳಿಂದ ತಿಳಿಯುತ್ತದೆ. ಅದರಿಂದ ಶುರುಮಾಡಿಸಿ.

ಇಂತಿ,
ಜಾಲತಾಣ ಕಟ್ಟುವ ಮತ್ತು ಪರೀಕ್ಷಿಸುವ ಕೆಲಸದಲ್ಲಿರುವವರು