ಕೃತಜ್ಞತಾ ಟಿಪ್ಪಣಿಯಲ್ಲಿ ಹಿಡಿಸಲಾಗದ ಋಣ

ನನ್ನ ಪೋಸ್ಟ್‌ಡಾಕ್ಟರಲ್ ಸಂಶೋಧನೆಯ ಅವಧಿ ಮುಗಿದಿದೆ, ಮುಖ್ಯ ಲೇಖನವೂ ಪ್ರಕಟವಾಗಿದೆ. ಶುಭ ಹಾರೈಸಿದ ಎಲ್ಲರಿಗೂ ಕೊಡಗಿನ ಜಂಬೂರಿನ ನಮ್ಮ ಮನೆಯಿಂದ ವಂದನೆಗಳು. ದೇಹಕ್ಕೆ ನುಗ್ಗಿದ ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಎಂಬ ಕೋಶಗಳ ಬಗ್ಗೆ ನಾನು ಏನು ಹುಡುಕುತ್ತಿದ್ದೆ ಎಂಬುದು ನಿಮ್ಮಲ್ಲಿ ಬಹುತೇಕರಿಗೆ ತಿಳಿದಿರುವುದರಿಂದ ಅದನ್ನು ಮತ್ತೆ ವಿವರಿಸುವುದಿಲ್ಲ. ನನ್ನ ಮಾರ್ಗದರ್ಶಕರು, ಜೊತೆಗಾರರು, ಇಲಿಗಳನ್ನು ಸಾಕುವ ಪ್ರಾಣಿಗೃಹದ ಸಿಬ್ಬಂದಿ, ಕೋಶಗಳನ್ನು ಒಂದೊಂದಾಗಿ ಅಳೆದು ಎಣಿಸುವ ಫ್ಲೋ ಸೈಟೋಮೀಟರ್ ಯಂತ್ರದ ವಿಭಾಗದವರು, ಇವರೆಲ್ಲರ ನೆರವಿಲ್ಲದೆ ಈ ಕೆಲಸ ಆಗುತ್ತಿರಲಿಲ್ಲ. ಎಲ್ಲರಿಗೂ ನಾನು ಕೃತಜ್ಞಳು.

ಈ ಬರಹ ಮುಖ್ಯವಾಗಿ ನಮ್ಮ ಪ್ರಯೋಗಾಲಯದ ತಾಂತ್ರಿಕ ಸಹಾಯಕಿಗಾಗಿ. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಹೆಸರು ಹಾಕಬೇಡ ಎಂದು ಅವರೇ ಹೇಳಿರುವುದರಿಂದ ಇಲ್ಲಿಯೂ ಅಕ್ಕ ಎಂದೇ ಬರೆಯುತ್ತೇನೆ.

2018ರ ಆಗಸ್ಟ್ ತಿಂಗಳಲ್ಲಿ ಭಾರೀ ಮಳೆಗೆ ಗುಡ್ಡಗಳು ಕುಸಿದು ಕೊಡಗಿನಲ್ಲಿ ಏನಾಯಿತೆಂದು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಆಗ ನಮ್ಮ ಮನೆ ಹಟ್ಟಿಹೊಳೆಯ ಬಳಿ ಇತ್ತು, ನಾನು ಬೆಂಗಳೂರಿನಲ್ಲಿದ್ದೆ. ಇಲಿಯ ಮೂಳೆಮಜ್ಜೆಯಿಂದ ತೆಗೆದ ಕೋಶಗಳು ಮ್ಯಾಕ್ರೋಫೇಜ್‌ಗಳಾಗಿ ಬೆಳೆಯಲು ಸುಮಾರು 7 ದಿನ ಬೇಕು; ಹಾಗೆ ಬೆಳೆಸಿದ ಕೋಶಗಳಿಗೆ ಅಂದು ಬೆಳಿಗ್ಗೆ 10 ಗಂಟೆಗೆ ಕೆಲವು ಬಗೆಯ ಬ್ಯಾಕ್ಟೀರಿಯಾಗಳ ಹೊರಪೊರೆಯಿಂದ ಬರುವ, ಈ ಕೋಶಗಳನ್ನು ಕೆರಳಿಸುವ ಲಿಪೊಪಾಲಿಸ್ಯಾಕರೈಡ್ ಎಂಬ ವಸ್ತುವನ್ನು ಸೇರಿಸಿದ್ದೆ. ಅಲ್ಲಿಂದ 4, 8, 12, 16 ಮತ್ತು 24ನೇ ಗಂಟೆಗೆ ಸರಿಯಾಗಿ ಕೋಶಗಳಿರುವ ಒಂದೊಂದು ಪ್ಲೇಟನ್ನು ಅವನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನಿಂದ ತೆಗೆದು, ಐಸಿನ ಮೇಲಿಟ್ಟು ತೊಳೆದು, ಕೋಶಗಳನ್ನು ಒಡೆದು, ಮೈನಸ್ 80 ಡಿಗ್ರಿಯ ಫ್ರೀಜರಿಗೆ ಸೇರಿಸಬೇಕು. ಒಂದು ಹೊತ್ತು ತಪ್ಪಿದರೆ ಇಡೀ ಸರಣಿ ವ್ಯರ್ಥ.

ಸಂಜೆ ಅವ್ವ ಕರೆ ಮಾಡಿ, ಮನೆ ಹಿಂದಿನ ಗುಡ್ಡದ ಬರೆ ಜರಿಯುತ್ತಿದೆ, ಹೊರಡುತ್ತಿದ್ದೇವೆ ಎಂದಷ್ಟೇ ಹೇಳಿದರು. ಆಮೇಲೆ ಯಾರ ಫೋನೂ ತಾಗಲಿಲ್ಲ. ಅಕ್ಕ ಮನೆಗೆ ಹೊರಟು ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದರು. ನನ್ನ ಮುಖ ನೋಡಿ ಚೀಲವನ್ನು ಮತ್ತೆ ಕಪಾಟಿನಲ್ಲಿಟ್ಟು, “ನೀನು ಫೋನ್ ನೋಡ್ಕೊ, ಸೆಲ್ಸ್ ನಾನು ನೋಡ್ಕೋತೀನಿ” ಎಂದರು. ಮಕ್ಕಳಿಗೆ ಊಟ ಬಡಿಸುವಂತೆ ಯಜಮಾನರಿಗೆ ತಿಳಿಸಿ ಕೈಗವಸು ಹಾಕಿಕೊಂಡರು.

ರಾತ್ರಿ 10ರ ಪ್ಲೇಟನ್ನೂ 2ರ ಪ್ಲೇಟನ್ನೂ ಅವರೇ ತೆಗೆದರು. ನಡುವಿನ ಹೊತ್ತಿನಲ್ಲಿ ಮಡಿಕೇರಿಯ ಕಂಟ್ರೋಲ್ ರೂಮಿಗೆ, ಮಾದಾಪುರದ ಪರಿಚಿತರಿಗೆ, ಸಿಕ್ಕ ಸಿಕ್ಕ ನಂಬರುಗಳಿಗೆ ನನಗಿಂತ ಹೆಚ್ಚು ತಾಳ್ಮೆಯಿಂದ ಕರೆ ಮಾಡಿದರು. ಪ್ರಯೋಗದ ಪುಸ್ತಕದ ಆ ಪುಟದ ಫೋಟೋ ನನ್ನ ಬಳಿ ಇದೆ: ಎಡಗಡೆ ಅವರ ದುಂಡನೆಯ ಅಕ್ಷರದಲ್ಲಿ ಪ್ಲೇಟುಗಳ ವೇಳೆ, ಬಲಗಡೆ ಫೋನ್ ನಂಬರುಗಳು, ಪ್ರತಿಯೊಂದರ ಮುಂದೆ “ಸಿಗಲಿಲ್ಲ”, “ಸ್ವಿಚ್ ಆಫ್”, “ಮತ್ತೆ ಮಾಡು”.

ಬೆಳಗಿನ ಜಾವ ನಾನು ಕುಸಿದುಹೋದೆ. ಊರೇ ಜಾರಿಹೋಗುತ್ತಿರುವಾಗ ಈ ಕೋಶಗಳಿಂದ ಯಾರಿಗೇನು ಆಗಬೇಕಿದೆ, ಎಲ್ಲವನ್ನೂ ಎಸೆದುಬಿಡಿ ಎಂದು ಕೂಗಿದೆ. ಅವರು ಎಸೆಯಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಏನೂ ಆಗುವುದಿಲ್ಲ ಎಂಬ ಸುಳ್ಳು ಸಮಾಧಾನವನ್ನು ಆ ರಾತ್ರಿ ಒಮ್ಮೆಯೂ ಹೇಳದಿದ್ದುದಕ್ಕಾಗಿ ನಾನು ಅವರಿಗೆ ವಿಶೇಷವಾಗಿ ಋಣಿ. ಹೇಳಿದ್ದರೆ ನಾನು ನಂಬುತ್ತಿರಲಿಲ್ಲ, ಒಂಟಿಯಾಗುತ್ತಿದ್ದೆ. ಒಂಬತ್ತೂವರೆಯ ಹೊತ್ತಿಗೆ ಗುರುತಿಲ್ಲದ ನಂಬರಿನಿಂದ ಅಪ್ಪನ ದನಿ ಬಂತು. ಇಬ್ಬರೂ ಸುಂಟಿಕೊಪ್ಪದ ಪರಿಹಾರ ಕೇಂದ್ರ ತಲುಪಿದ್ದರು. ಅಕ್ಕ ನೆಲದ ಮೇಲೆ ಕುಳಿತು ಅತ್ತರು, ಬಳಿಕ ಮುಖ ತೊಳೆದುಕೊಂಡು 24ನೇ ಗಂಟೆಯ ಪ್ಲೇಟು ತೆಗೆಯಲು ಎದ್ದರು. ಅಪ್ಪ ಅವ್ವನನ್ನು ಕತ್ತಲಲ್ಲಿ ಕೈಹಿಡಿದು ದಾಟಿಸಿದ ನೆರೆಯವರಿಗೂ, ಕೇಂದ್ರದಲ್ಲಿ ಅನ್ನ ಹೊದಿಕೆ ಕೊಟ್ಟವರಿಗೂ ನನ್ನ ನಮಸ್ಕಾರ.

ಮನೆ ಉಳಿಯಲಿಲ್ಲ, ತೋಟದ ಒಂದು ಭಾಗವೂ ಹೋಯಿತು. ಆ ರಾತ್ರಿಯ ಮಾದರಿಗಳು ಉಳಿದವು. ಅವು ತೋರಿಸಿದ್ದನ್ನು ನಂತರ ಮತ್ತೆ ಮತ್ತೆ ಪರೀಕ್ಷಿಸಿದಾಗಲೂ ಫಲಿತಾಂಶ ಬದಲಾಗಲಿಲ್ಲ. ಲೇಖನದ ಮೊದಲ ಚಿತ್ರ ಅದರ ಮೇಲೆಯೇ ನಿಂತಿದೆ. ಆದರೆ ವಿಜ್ಞಾನ ಪತ್ರಿಕೆಗಳ ರೂಢಿಯಂತೆ ಪ್ರಯೋಗವನ್ನು ಯೋಜಿಸಿ, ಫಲಿತಾಂಶವನ್ನು ವಿಶ್ಲೇಷಿಸಿ, ಬರೆದವರು ಲೇಖಕರಾಗುತ್ತಾರೆ, ಕೈಯಿಂದ ಮಾಡಿಕೊಟ್ಟವರು ಕೊನೆಯಲ್ಲಿ ಬರುವ ಕೃತಜ್ಞತಾ ಟಿಪ್ಪಣಿಯಲ್ಲಿ ಉಳಿಯುತ್ತಾರೆ. ಅಕ್ಕನಿಗೆ ಸಿಕ್ಕಿದ್ದು “ತಾಂತ್ರಿಕ ನೆರವು” ಎಂಬ ಎರಡು ಪದ. ರೂಢಿಗೆ ಅದರದೇ ಕಾರಣಗಳಿರಬಹುದು, ಆದರೂ ನನ್ನ ಮಟ್ಟಿಗೆ ಅದು ನ್ಯಾಯವಲ್ಲ. ಅದಕ್ಕಾಗಿಯೇ ಇಷ್ಟನ್ನು ಎಲ್ಲರೆದುರು ಬರೆದಿದ್ದೇನೆ.

ಅಕ್ಕ, ಉಳಿದ ತೋಟದಲ್ಲಿ ಡಿಸೆಂಬರಿಗೆ ಅರೇಬಿಕಾ ಕೊಯ್ಲು ಇರುತ್ತದೆ. ಯಜಮಾನರನ್ನೂ ಮಕ್ಕಳನ್ನೂ ಕರೆದುಕೊಂಡು ನಾಲ್ಕು ದಿನದ ಮಟ್ಟಿಗೆ ಬನ್ನಿ. ಅವ್ವ ನಿಮ್ಮನ್ನು ಇನ್ನೂ ಕಣ್ಣಾರೆ ನೋಡಿಲ್ಲ, ಯಾವಾಗ ಬರುತ್ತಾರೆ ಎಂದು ಕೇಳುತ್ತಲೇ ಇದ್ದಾರೆ.