ಫೆಬ್ರುವರಿಯಿಂದ ಮೇವರೆಗೆ ಬಿಡದೆ ಉದ್ಯೋಗ ಖಾತ್ರಿ ಕೆಲಸ ಕೊಡಿ: ಬನವಾಸಿ ಹೋಬಳಿಯ ಕೂಲಿ ಕುಟುಂಬಗಳ ಮನವಿ

ದಿನಾಂಕ: 12-02-2024

ಇವರಿಗೆ,
ಅಧ್ಯಕ್ಷರು ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ ಕಾರ್ಯಾಲಯ,
ಬನವಾಸಿ ಹೋಬಳಿ, ಶಿರಸಿ ತಾಲೂಕು.

ವಿಷಯ: ಬರಗಾಲದಲ್ಲಿ ಕೂಲಿ ಕೆಲಸ, ಅರ್ಜಿಗೆ ರಸೀದಿ ಮತ್ತು ಬಾಕಿ ಕೂಲಿ ಕುರಿತು.

ಮಾನ್ಯರೇ,

ಉತ್ತರ ಕನ್ನಡ ಅಂದ್ರೆ ಮಳೆ ಅಂತಾರೆ. ಘಟ್ಟದ ಅಂಚಿಗೆ ಅದು ನಿಜ. ಪೂರ್ವಕ್ಕೆ ಬಂದ ಹಾಗೆ ಮಳೆ ಕಡಿಮೆ. ನಾವು ಮಳೆ ನಂಬಿಯೇ ಭತ್ತ, ಗೋವಿನಜೋಳ ಹಾಕುವವರು. 2023ರ ಆಗಸ್ಟ್‌ನಲ್ಲಿ ದೇಶದಲ್ಲಿ ಬಿದ್ದಷ್ಟು ಕಡಿಮೆ ಮಳೆ 1901ರಿಂದೀಚೆಗೆ ಯಾವ ಆಗಸ್ಟ್‌ನಲ್ಲೂ ಬಿದ್ದಿರಲಿಲ್ಲ. ನಮ್ಮ ಗದ್ದೆಗಳು ಬಿರುಕು ಬಿಟ್ಟವು. ಹೊಡೆ ಬರುವ ಹೊತ್ತಿಗೂ ನೀರಿಲ್ಲ. ಕೊಯ್ದು ತೂರಿದರೆ ಜೊಳ್ಳೇ ಜಾಸ್ತಿ. ದನಕ್ಕೆ ಹುಲ್ಲಾಯ್ತು, ಅಷ್ಟೇ.

ಸರ್ಕಾರ ರಾಜ್ಯದ 223 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದೆ. ಮೊದಲ ಕಂತಾಗಿ ರೈತರಿಗೆ 2,000 ರೂಪಾಯಿವರೆಗೆ ಪರಿಹಾರ ಹಾಕುತ್ತಿದೆ. ಒಳ್ಳೆಯದೇ. ಆದರೆ ಅದು ಪಹಣಿ, ಫ್ರೂಟ್ಸ್ ಐಡಿ (ಸರ್ಕಾರದಲ್ಲಿ ರೈತರ ನೋಂದಣಿ ಸಂಖ್ಯೆ) ಇದ್ದವರಿಗೆ. ನಮ್ಮಲ್ಲಿ ಬಹಳ ಮನೆಯವರು ಮಾಡುವುದು ಅರಣ್ಯ ಅತಿಕ್ರಮಣ ಜಾಗ, ಇಲ್ಲವೇ ಇನ್ನೊಬ್ಬರ ಗದ್ದೆ ಪಾಲಿಗೆ. ಅರಣ್ಯ ಹಕ್ಕಿಗೆ ಅರ್ಜಿ ಹಾಕಿದರೆ 75 ವರ್ಷದ ದಾಖಲೆ ಕೇಳುತ್ತಾರೆ. ಅಜ್ಜನ ಕಾಲದ ಕಾಗದ ಎಲ್ಲಿಂದ ತರುವುದು? ಇದು ಪಂಚಾಯಿತಿ ಕೈಯಲ್ಲಿಲ್ಲ, ಗೊತ್ತು. ಉದ್ಯೋಗ ಖಾತ್ರಿ ಮಾತ್ರ ನಿಮ್ಮ ಕೈಯಲ್ಲಿದೆ ಅಲ್ವಾ? ಅದಕ್ಕೆ ಪಹಣಿ ಬೇಡ, ಜಾಬ್ ಕಾರ್ಡ್ ಸಾಕು.

ಅಡಿಕೆ ಕೊಯ್ಲು, ಸುಲಿಯುವ ಕೆಲಸ ಇರುವವರೆಗೆ ಮನೆ ಹೇಗೋ ನಡೆಯುತ್ತದೆ. ಅದೂ ಈಗ ಮುಗಿಯುತ್ತಾ ಬಂತು. ಇನ್ನು ಜೂನ್ ಮಳೆವರೆಗೆ ಕೈಗೆ ಕೆಲಸವಿಲ್ಲ. ಗಂಡಸರು ಗೋವಾ ಕಡೆ ಹೋಗುತ್ತಾರೆ. ಯಾವ ವಾರ ಎಷ್ಟು ಕಳಿಸುತ್ತಾರೋ ಹೇಳಲಾಗದು. ಸಂಘದ ಸಾಲದ ಕಂತು ಮಾತ್ರ ವಾರ ತಪ್ಪುವುದಿಲ್ಲ. ಹಿಂದಿನ ದಿನ ಸಂಜೆ ನಮ್ಮ ಕೇರಿಯ ಹೆಂಗಸರು ಕೈಗಡ ಕೇಳುತ್ತಾ ಮನೆ ಮನೆ ತಿರುಗುತ್ತಾರೆ. ಹೋದ ತಿಂಗಳು ಒಬ್ಬರು ಕರೆಯುವ ಎಮ್ಮೆಯನ್ನೇ ಮಾರಿ ಸಾಲ ತೀರಿಸಿದರು. ಡೈರಿಯಿಂದ ಬರುತ್ತಿದ್ದ ಹಾಲಿನ ದುಡ್ಡೂ ಅಲ್ಲಿಗೆ ನಿಂತಿತು.

ಕೆಲಸ ಕೇಳಲು ಬಂದರೆ "ಬಂದಾಗ ಹೇಳ್ತೀವಿ, ಹೋಗಿ" ಎನ್ನುತ್ತಾರೆ. ಕೆಲಸ ಕೇಳುವ ಅರ್ಜಿ, ಅಂದ್ರೆ ನಮೂನೆ 6, ತೆಗೆದುಕೊಂಡರೂ ದಿನಾಂಕ ಹಾಕಿದ ರಸೀದಿ ಕೊಡುವುದಿಲ್ಲ. ನಮ್ಮ ದೊಡ್ಡ ತಕರಾರು ಇದೇ. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದು 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ ಇದೆ. ಮೊದಲ 30 ದಿನ ಕೂಲಿಯ ಕನಿಷ್ಠ ಕಾಲು ಭಾಗ, ಆಮೇಲೆ ಕನಿಷ್ಠ ಅರ್ಧ. 2023-24ರ 316 ರೂಪಾಯಿ ದಿನಗೂಲಿಗೆ ಕಾಲು ಭಾಗ ಅಂದರೆ 79. ರಸೀದಿಯೇ ಇಲ್ಲದಿದ್ದರೆ ಆ 15 ದಿನ ಯಾವತ್ತಿಂದ ಎಣಿಸುವುದು? ಭತ್ಯೆ ಪಡೆದು ಕೂರುವ ಆಸೆ ನಮಗಿಲ್ಲ. ಕೆಲಸ ಬೇಕು, ರಸೀದಿ ಬೇಕೇ ಬೇಕು.

ಊರ ಕೆರೆಯ ತಳ ಕಾಣುತ್ತಿದೆ. ಹೂಳೆತ್ತಲು ಇದೇ ಹೊತ್ತು. ಈ ತಿಂಗಳೊಳಗೆ ಶುರು ಮಾಡಿ, ಜೆಸಿಬಿ ಮಾತ್ರ ಇಳಿಸಬೇಡಿ. ಒಂದು ಎನ್‌ಎಂಆರ್ (ಕೂಲಿಯವರ ಹಾಜರಿ ಪಟ್ಟಿ) ಮುಗಿಯುವ ಮೊದಲೇ ಇನ್ನೊಂದು ತೆಗೆಯಿರಿ. ನಡುವೆ ವಾರಗಟ್ಟಲೆ ಸುಮ್ನೆ ಕೂರುವಂತಾಗಬಾರದು. ಡಿಸೆಂಬರ್‌ನಲ್ಲಿ ಮಾಡಿದ ಕೆಲಸದ ಕೂಲಿ ಇನ್ನೂ ಬಂದಿಲ್ಲ, ಅದು ಎಲ್ಲಿ ನಿಂತಿದೆ ಎಂದು ನೋಡಿ ತಿಳಿಸಿ. ಇನ್ನು ಕೆಲಸದ ಜಾಗದಿಂದ ಮೊಬೈಲ್‌ನಲ್ಲಿ ಕಳಿಸಬೇಕಾದ ಹಾಜರಿ ಫೋಟೊ. ನಮ್ಮ ಕೂಲಿ ಗುಂಪಿನ ಮುಂದಾಳು, ಅಂದ್ರೆ ಕಾಯಕ ಬಂಧು, ಮೊಬೈಲ್ ಎತ್ತಿ ಹಿಡಿದು ಕೆರೆ ಏರಿ ಮೇಲೆ ಸಿಗ್ನಲ್ ಹುಡುಕುತ್ತಾ ಓಡಾಡುವುದು ನಿತ್ಯದ ಕತೆ. ಫೋಟೊ ಹೋಗದ ದಿನದ ಕೂಲಿ ಕಡಿತವಾಗುತ್ತದೆ. ಬೆವರು ಸುರಿಸಿದ್ದು ಸುಳ್ಳಾ? ಅಂಥ ದಿನಕ್ಕೆ ಪುಸ್ತಕದ ಹಾಜರಿ ಒಪ್ಪುವಂತೆ ಮೇಲಿನವರಿಗೆ ಬರೆಯಿರಿ.

ಬರಪೀಡಿತ ಕಡೆ ವರ್ಷದ 100 ದಿನದ ಕೆಲಸದ ಮೇಲೆ ಇನ್ನೂ 50 ದಿನ ಕೊಡಲು ಅವಕಾಶವಿದೆಯಂತೆ. ನಮಗೆ ನೂರೇ ಪೂರ್ತಿ ಸಿಕ್ಕಿಲ್ಲ, ಆ ಮಾತು ಆಮೇಲೆ.

ಇದೇ 21ರ ಬುಧವಾರ ಬೆಳಗ್ಗೆ ನಾವೆಲ್ಲ ನಮೂನೆ 6 ತುಂಬಿಕೊಂಡು ಕಚೇರಿಗೆ ಬರುತ್ತೇವೆ. ಅವತ್ತೇ ರಸೀದಿ ಕೊಡಿ. ಈ ಮನವಿಗೂ ಲಿಖಿತ ಹಿಂಬರಹ ಕೊಡಬೇಕಾಗಿ ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಊರಿನ ಜಾಬ್ ಕಾರ್ಡ್‌ದಾರರು
(ಸಹಿ ಮತ್ತು ಹೆಬ್ಬೆಟ್ಟು ಹಿಂದಿನ ಪುಟದಲ್ಲಿ)

ಪ್ರತಿ: ಕಾರ್ಯನಿರ್ವಾಹಕ ಅಧಿಕಾರಿಗಳು, ತಾಲೂಕು ಪಂಚಾಯಿತಿ, ಶಿರಸಿ.